ಇಲ್ಲದ ಬಾವು

ಬಾಟಲಿಯ ಮುಚ್ಚಳವನ್ನು ಅದುಮಿ ತಿರುಗಿಸಬೇಕು. ಮಕ್ಕಳ ಕೈಗೆ ಬಗ್ಗದಿರಲಿ ಎಂದು ಮಾಡಿದ ಮುಚ್ಚಳ. ಕೀಲುವಾತದವರ ಕೈಗೂ ಅದು ಬಗ್ಗುವುದಿಲ್ಲ ಎಂಬುದು ಮಾಡಿದವನ ತಲೆಗೆ ಹೊಳೆದಿರಲಿಲ್ಲ. ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ವಾರದ ಮಾತ್ರೆಯ ಬಾಟಲಿ ತೆಗೆದುಕೊಡುವುದು ಅತ್ತೆಯ ಕೆಲಸ. ಎಪ್ಪತ್ತಾರರ ಅತ್ತೆಯ ಬೆರಳುಗಳು ನಲವತ್ತಾರರ ಸೊಸೆಯ ಬೆರಳುಗಳಿಗಿಂತ ನೆಟ್ಟಗಿದ್ದವು.

ಆ ಭಾನುವಾರ ಅತ್ತೆ ಬಾಟಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಇವತ್ತೂ ಬೇಡ್ವಾ?”

“ಬೇಡ ಅತ್ತೆ. ಡಾಕ್ಟರು ನಿಲ್ಲಿಸಿ ಅಂದಿದ್ದಾರಲ್ಲ.”

“ಮೂರನೇ ವಾರ ಇದು. ಯಾವ ಡಾಕ್ಟರು ಅಂದಿದ್ದು? ವಾಸಿ ಮಾಡೋ ಡಾಕ್ಟರೋ, ನಿನ್ನ ಹತ್ರ ಪಾಠ ಹೇಳಿಸ್ಕೊಳ್ಳೋ ಡಾಕ್ಟರೋ?”

“ಎಲ್ಲಾ ಒಂದೇ ಆಸ್ಪತ್ರೆ ಅತ್ತೆ.”

“ಹಾಗಾದ್ರೆ ಎಲ್ಲರಿಗೂ ಒಂದೇ ಬುದ್ಧಿ,” ಎಂದು ಅತ್ತೆ ಮೂಗು ಮುರಿದು ಬಾಟಲಿಯನ್ನು ಶೆಲ್ಫಿಗೆ ಸೇರಿಸಿದರು. ಮುಂದೆ ಕೇಳಲಿಲ್ಲ. ಸೊಸೆಯ ರವಿಕೆಯ ಗುಂಡಿ ಹಾಕಿ, ತಲೆ ಬಾಚಿ, ತಮ್ಮ ಕೆಲಸಕ್ಕೆ ಹೋದರು.

ಯಾವ ಡಾಕ್ಟರೂ ನಿಲ್ಲಿಸಿ ಎಂದಿರಲಿಲ್ಲ.

ಒಂದು ಕಾಲದಲ್ಲಿ ಅವಳು ಗಡಿಯಾರ ರಿಪೇರಿ ಮಾಡುತ್ತಿದ್ದಳು. ಗಂಡನ ಅಂಗಡಿ. ಅವನು ಗೋಡೆ ಗಡಿಯಾರಗಳನ್ನು ನೋಡಿಕೊಂಡರೆ ಕೈಗಡಿಯಾರಗಳು ಇವಳ ಪಾಲು. ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಎತ್ತಿ ಇಟ್ಟರೆ ಅವು ಅಲ್ಲೇ ಕೂರುತ್ತಿದ್ದವು. ಮೂವತ್ತೆಂಟಕ್ಕೆ ಒಂದು ಬೆಳಿಗ್ಗೆ ಬೆರಳು ಮಡಚಲು ಬರಲಿಲ್ಲ. ಚಳಿಗೆ ಹೀಗಾಗಿದೆ ಎಂದುಕೊಂಡಳು. ಚಳಿ ಹೋಯಿತು, ಬೆರಳು ಸರಿಹೋಗಲಿಲ್ಲ. ಎರಡು ವರ್ಷಕ್ಕೆ ಗಂಡ ತೀರಿಹೋದ. ಅಂಗಡಿ ಮುಚ್ಚಿತು. ಮನೆಯಲ್ಲಿ ಅತ್ತೆ, ಸೊಸೆ, ಯಾರೂ ವಾಪಸು ಕೇಳದ ಹನ್ನೆರಡು ಗಡಿಯಾರಗಳು ಉಳಿದವು.

ಆಸ್ಪತ್ರೆಯ ಕೀಲು ವಿಭಾಗದ ದೊಡ್ಡ ಡಾಕ್ಟರು ಒಮ್ಮೆ ಅವಳ ಕೈ ಹಿಡಿದು, ಸುತ್ತ ನಿಂತ ಕಲಿಕೆಯ ಡಾಕ್ಟರುಗಳಿಗೆ ವಿವರಿಸುತ್ತಿದ್ದರು. ಒಬ್ಬ ಒತ್ತಿದ್ದು ಸರಿಯಿರಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ. “ಮೂಳೆ ಒತ್ತುತ್ತಾ ಇದ್ದೀರಿ. ಪಕ್ಕದಲ್ಲಿ ಒತ್ತಿ. ನಿಮ್ಮ ಉಗುರು ಬಿಳಿಚಿಕೊಳ್ಳೋವಷ್ಟೇ, ಅದಕ್ಕಿಂತ ಜಾಸ್ತಿ ಬೇಡ,” ಎಂದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒತ್ತಿಸಿಕೊಂಡು ಒತ್ತಿಸಿಕೊಂಡು ಗೊತ್ತಾಗಿತ್ತು. ದೊಡ್ಡ ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ಮುಂದಿನ ತಿಂಗಳಿಂದ ಪ್ರತಿ ಮಂಗಳವಾರ ಅವಳು ಪಾಠ ಮಾಡಿದಳು. ಗೋಡೆಗೆ ಬೋರ್ಡಿಲ್ಲ, ಕೈಯಲ್ಲಿ ಪುಸ್ತಕವಿಲ್ಲ. ಮೇಜಿನ ಮೇಲೆ ಒಂದು ದಿಂಬು, ದಿಂಬಿನ ಮೇಲೆ ಅವಳ ಎರಡು ಕೈ.

“ಕಣ್ಣು ಮುಚ್ಚಿ ಮುಟ್ಟಿ. ಗಟ್ಟಿ ಇದ್ರೆ ಮೂಳೆ. ನೆನೆದ ಸ್ಪಂಜಿನ ಹಾಗೆ ಒಳಗೆ ಹೋಗಿ ವಾಪಸು ಬಂದ್ರೆ ಬಾವು. ಒತ್ತುವಾಗ ಮಾತ್ರ ಕಣ್ಣು ತೆರೆದು ನನ್ನ ಮುಖ ನೋಡಿ.”

ಡಾಕ್ಟರುಗಳು ಅವಳನ್ನು ಟೀಚರ್ ಎಂದರು. ಬೆನ್ನ ಹಿಂದೆ ಕೈ ಟೀಚರ್. ಹೊರಗಿನ ಜಗತ್ತಿನಲ್ಲಿ ಅವಳು ಬಸ್ಸಿನ ಕಂಬಿ ಹಿಡಿಯಲಾಗದವಳು, ಚಿಲ್ಲರೆ ಎತ್ತಿಕೊಳ್ಳಲು ಹೋಗಿ ಕ್ಯೂ ತಡಮಾಡುವವಳು. ಆ ಕೋಣೆಯಲ್ಲಿ ಮಾತ್ರ, ಓದಿ ಓದಿ ಕೂದಲು ಉದುರಿದ ಡಾಕ್ಟರುಗಳು ಅವಳ “ಹ್ಞೂಂ” ಒಂದಕ್ಕೆ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ವರ್ಷಕ್ಕೊಮ್ಮೆ ಆ ಡಾಕ್ಟರುಗಳಿಗೆ ಪರೀಕ್ಷೆ ನಡೆಯುತ್ತಿದ್ದದ್ದೂ ಅವಳ ಕೈಯ ಮೇಲೆಯೇ. ಅವಳ ಜೊತೆಗೆ ಇನ್ನೊಬ್ಬರಿದ್ದರು. ನಿವೃತ್ತ ಬಸ್ ಕಂಡಕ್ಟರು. ಅವರದು ಮಂಡಿ. ಹೋದ ವರ್ಷ ಆ ಮಂಡಿಗೆ ಆಪರೇಷನ್ ಆಗಿ ಹೊಸ ಕೀಲು ಕೂತಿತು. ಆಸ್ಪತ್ರೆಯ ಪಟ್ಟಿಯಿಂದ ಅವರ ಹೆಸರು ಹೋಯಿತು.

“ನೋಡಕ್ಕಾ, ಮೂವತ್ತು ವರ್ಷ ಬಸ್ಸಲ್ಲಿ ನಿಂತಿದ್ದಕ್ಕೆ ಒಂದು ಹಾರ ಹಾಕಿದ್ರು,” ಎಂದಿದ್ದರು ಕಂಡಕ್ಟರು. “ಆರು ವರ್ಷ ಮಂಡಿ ಕೊಟ್ಟಿದ್ದಕ್ಕೆ ‘ವಾಸಿಯಾಯ್ತಲ್ಲ, ಸಂತೋಷ’ ಅಂದ್ರು. ಅಷ್ಟೇ. ವಾಸಿಯಾದೋರ ಹತ್ರ ಕಲಿಯೋಕೆ ಏನಿರತ್ತೆ?”

ಈಗಲೂ ಅವರು ಪರೀಕ್ಷೆಯ ದಿನ ಬರುತ್ತಿದ್ದರು. ಕಾರಿಡಾರಿನ ಬೆಂಚಿನಲ್ಲಿ ಕೂತು, ಅಭ್ಯರ್ಥಿಗಳಿಗೆ ಕೋಣೆ ಯಾವುದೆಂದು ಕೈ ತೋರಿಸುತ್ತಿದ್ದರು. ಯಾರೂ ಹೇಳಿದ ಕೆಲಸವಲ್ಲ.

ವಾರದ ಮಾತ್ರೆ ಅವಳಿಗೆ ಚೆನ್ನಾಗಿ ಹಿಡಿದಿತ್ತು. ಅದೇ ತೊಂದರೆ. ಎರಡು ವರ್ಷದ ಹಿಂದೆ ಪರೀಕ್ಷೆಗೆ ತಿಂಗಳಿರುವಾಗ ದೊಡ್ಡ ಡಾಕ್ಟರು ಗೆಣ್ಣುಗಳನ್ನು ಒತ್ತಿ ನೋಡಿ, “ಭೇಷ್, ಹೀಗೇ ಇಳಿದ್ರೆ ಈ ಸಲ ಪರೀಕ್ಷೆಗೆ ಬೇರೆ ಯಾರನ್ನಾದ್ರೂ ಹುಡುಕಬೇಕಾಗತ್ತೆ,” ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು. ಆ ಭಾನುವಾರ ಮಾತ್ರೆ ನುಂಗಲಿಲ್ಲ. ಪರೀಕ್ಷೆ ಮುಗಿದ ಮೇಲೆ ಮತ್ತೆ ಶುರುಮಾಡಿದಳು. ಹೋದ ವರ್ಷವೂ ಹಾಗೇ. ಇದು ಮೂರನೆಯದು.

ಪರೀಕ್ಷೆಯ ಉತ್ತರಪತ್ರ, ಅಂದರೆ ಅಭ್ಯರ್ಥಿಗಳ ಮಾತನ್ನು ಹೋಲಿಸಿ ನೋಡುವ ಸರಿಯುತ್ತರದ ಪಟ್ಟಿ, ತಯಾರಾದದ್ದು ಹಿಂದಿನ ಶುಕ್ರವಾರ. ದೊಡ್ಡ ಡಾಕ್ಟರು ಅವಳ ಎರಡೂ ಕೈಯ ಒಂದೊಂದು ಕೀಲನ್ನೂ ಒತ್ತಿ ಬರೆದುಕೊಂಡರು. ಬಾವು: ಎರಡು ಮಣಿಕಟ್ಟು, ಬಲಗೈಯ ಮೂರು ಗೆಣ್ಣು. ಉಳಿದವು ಸರಿ.

“ಮಾತ್ರೆ ತಗೊಂಡೂ ಇಷ್ಟು ಊದಿದೆಯಲ್ಲ,” ಎಂದು ಹುಬ್ಬು ಗಂಟಿಕ್ಕಿದರು. “ಪರೀಕ್ಷೆ ಮುಗೀಲಿ. ಸೂಜಿಮದ್ದು ಶುರು ಮಾಡೋಣ.”

ಅವಳು ತಲೆಯಾಡಿಸಿದಳು.

ಪರೀಕ್ಷೆ ಗುರುವಾರ. ಬುಧವಾರ ಸಂಜೆಯೇ ಎಡ ಮೊಣಕೈ ಬಿಸಿಯಾಗಿತ್ತು. ಬೆಳಿಗ್ಗೆ ಕೈ ಪೂರ್ತಿ ನೆಟ್ಟಗಾಗಲಿಲ್ಲ. ಅತ್ತೆ ರವಿಕೆಗೆ ತೋಳು ತೂರಿಸುವಾಗ ಅವಳು ಹಲ್ಲು ಕಚ್ಚಿದಳು.

“ಇದೇನೇ, ಇಲ್ಲೊಂದು ನಿಂಬೆಹಣ್ಣು?” ಎಂದರು ಅತ್ತೆ, ಮೊಣಕೈ ಮುಟ್ಟಿ.

“ಸ್ವಲ್ಪ ತಗಲಿಸ್ಕೊಂಡೆ ಅತ್ತೆ.”

“ಎಲ್ಲಿಗೆ?”

“ಬಾಗಿಲಿಗೆ.”

“ಬಾಗಿಲು ಬಹಳ ಬಿಸಿ ಇತ್ತು ಅಂತ ಕಾಣತ್ತೆ,” ಎಂದರು ಅತ್ತೆ.

ಪರೀಕ್ಷೆಯ ಬೆಳಿಗ್ಗೆ ಕೀಲುಗಳನ್ನು ಇನ್ನೊಮ್ಮೆ ಒತ್ತಿ ನೋಡಬೇಕೆಂಬುದು ನಿಯಮ. ದೊಡ್ಡ ಡಾಕ್ಟರು ತಡವಾಗಿ ಬಂದರು. ಪರದೆಯೊಳಗೆ ತಲೆ ಹಾಕಿ, “ಟೀಚರ್, ಶುಕ್ರವಾರದಿಂದ ಏನಾದ್ರೂ ಬದಲಾಗಿದೆಯಾ?” ಎಂದರು.

ಹೌದೆಂದರೆ ಮುಂದಿನ ಪ್ರಶ್ನೆ ಮಾತ್ರೆಯದು.

“ಇಲ್ಲ ಡಾಕ್ಟ್ರೇ.”

“ಒಳ್ಳೇದು,” ಎಂದು ಉತ್ತರಪತ್ರವನ್ನು ಹೊರಗಿನಿಂದ ಬಂದ ಪರೀಕ್ಷಕಿಯ ಕೈಗೆ ಕೊಟ್ಟು ಹೋದರು. ಪರೀಕ್ಷಕಿ ಮಾತು ಕಮ್ಮಿಯ ಹೆಂಗಸು. ಪೆನ್ಸಿಲಿನ ತುದಿಯನ್ನು ಎರಡು ಸಲ ಚೂಪು ಮಾಡಿ, ಕುರ್ಚಿಯನ್ನು ಅವಳ ಎಡಕ್ಕೆ ಎಳೆದುಕೊಂಡರು.

ಎಂಟು ಜನ. ಒಬ್ಬೊಬ್ಬರಿಗೆ ಆರು ನಿಮಿಷ. ಬಾವಿರುವ ಕೀಲು ಬಿಟ್ಟರೆ ಒಂದು ಅಂಕ ಹೋಗುತ್ತದೆ. ಇಲ್ಲದ ಬಾವು ಇದೆ ಎಂದರೆ ಎರಡು. ಇಲ್ಲದ ರೋಗಕ್ಕೆ ಮದ್ದು ಕೊಡುವ ಡಾಕ್ಟರು ಹೆಚ್ಚು ಅಪಾಯ ಎಂಬುದು ದೊಡ್ಡ ಡಾಕ್ಟರ ಲೆಕ್ಕ.

ಮೊದಲ ನಾಲ್ವರು ಬಂದು ಹೋದರು. ಮೊಣಕೈಗೆ ಬಂದಾಗ ಇಬ್ಬರು ಮುಟ್ಟಿದ ಶಾಸ್ತ್ರ ಮಾಡಿದರು. ಇನ್ನಿಬ್ಬರು ಒತ್ತಿ, “ನೋವಿದೆಯಾ ಟೀಚರ್?” ಎಂದರು. ಅವಳು ಇಲ್ಲ ಎಂದಳು. ಕಣ್ಣ ಮುಂದೆ ಕತ್ತಲೆ ಬಂದುಹೋದರೂ ಇಲ್ಲ ಎಂದಳು. ಕಾಗದದಲ್ಲಿ ಮೊಣಕೈ ಸರಿಯಿತ್ತು. ಕಾಗದಕ್ಕೆ ಸರಿಯಾಗಿ ಉತ್ತರಿಸುವುದು ಎರಡು ವರ್ಷದಿಂದ ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಮೈ ಒಂದು ಹೇಳಿ ಪಟ್ಟಿ ಇನ್ನೊಂದು ಹೇಳಿದರೆ, ಮೈಯೇ ಎಲ್ಲೋ ತಪ್ಪಿದೆ ಎಂದುಕೊಳ್ಳುತ್ತಿದ್ದಳು.

ಐದನೆಯವಳು ಪರದೆ ಸರಿಸಿ ಬಂದಳು. ಅವಳನ್ನು ನೋಡಿ ಟೀಚರ ಎದೆ ಸ್ವಲ್ಪ ಹಗುರಾಯಿತು, ಕೂಡಲೇ ಭಾರವಾಯಿತು.

ಈ ಹುಡುಗಿಗೆ ಓರಗೆಯವರು ಇಟ್ಟ ಹೆಸರು ಬಾವು ಡಾಕ್ಟರ್. ಹೋದ ವರ್ಷ ಇದೇ ಪರೀಕ್ಷೆಯಲ್ಲಿ, ಇದೇ ಕೈಯಲ್ಲಿ, ಬಲ ಹೆಬ್ಬೆರಳಿನ ಬುಡದಲ್ಲಿ ಬಾವಿದೆ ಎಂದು ಹಟ ಹಿಡಿದು ಎರಡು ಅಂಕಕ್ಕೆ ನಪಾಸಾಗಿದ್ದಳು. ಕ್ಯಾಂಟೀನಿನಲ್ಲಿ ಹುಡುಗರು ಅವಳಿಗೆ ಬನ್ನು ತೋರಿಸಿ, “ಡಾಕ್ಟ್ರೇ, ಇದು ಊದಿದೆಯಾ ನೋಡಿ,” ಎನ್ನುತ್ತಿದ್ದರಂತೆ. ಆ ತಮಾಷೆ ಕೇಳಿ ಟೀಚರೂ ನಕ್ಕಿದ್ದಳು. ಆಮೇಲೆ ಒಂದು ವರ್ಷ ಪ್ರತಿ ಮಂಗಳವಾರ ಹುಡುಗಿ ಎಲ್ಲರೂ ಹೋದ ಮೇಲೆ ಉಳಿದು, “ಇನ್ನೊಂದ್ಸಲ ಟೀಚರ್,” ಎಂದು ಕೈ ಹಿಡಿದು ಕೂರುತ್ತಿದ್ದಳು.

ಹುಡುಗಿ ಅಂಗೈ ಉಜ್ಜಿ ಬಿಸಿ ಮಾಡಿಕೊಂಡಳು. ಅಲ್ಲಿಯವರೆಗೆ ಬಂದ ಐವರಲ್ಲಿ ಹಾಗೆ ಮಾಡಿದವಳು ಅವಳೊಬ್ಬಳೇ. ಬೆರಳುಗಳನ್ನು ಒಂದೊಂದಾಗಿ ಒತ್ತಿ ಹೇಳಿದಳು. ಬಲಗೈಯ ಮೂರು ಗೆಣ್ಣು, ಬಾವು. ಮಣಿಕಟ್ಟು ಎರಡೂ, ಬಾವು. ಬಲ ಮೊಣಕೈ, ಸರಿ. ಎಡ ಮೊಣಕೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು, ಹೆಬ್ಬೆರಳನ್ನು ಮೂಳೆಯ ಪಕ್ಕದ ಗುಳಿಗೆ ಇಳಿಸಿದಳು. ಗುಳಿ ಇರಲಿಲ್ಲ. ಹೆಬ್ಬೆರಳು ಅಲ್ಲೇ ನಿಂತಿತು.

“ನೋವಿದೆಯಾ ಟೀಚರ್?”

ಅವಳು ಗೋಡೆಯ ಗಡಿಯಾರ ನೋಡಿದಳು. “ಇಲ್ಲ.”

ಹುಡುಗಿ ಅವಳ ಮುಖ ನೋಡಿದಳು. ಮತ್ತೆ ಮೆಲ್ಲಗೆ ಒತ್ತಿದಳು. “ಕೈ ನೆಟ್ಟಗೆ ಮಾಡ್ತೀರಾ?”

“ಮಾಡಿದ್ದೀನಲ್ಲ.”

“ಇನ್ನೂ ಸ್ವಲ್ಪ?”

“ಇಷ್ಟೇ ನನ್ನ ಕೈ.”

ಪರೀಕ್ಷಕಿಯ ಪೆನ್ಸಿಲು ಕಾಗದದ ಮೇಲೆ ಕಾಯುತ್ತಿತ್ತು. ಹುಡುಗಿಯ ಮೂಗಿನ ತುದಿಯಲ್ಲಿ ಬೆವರು ಕಂಡಿತು.

“ಎಡ ಮೊಣಕೈಯಲ್ಲಿ ಬಾವಿದೆ.”

“ಖಚಿತವಾ?” ಎಂದರು ಪರೀಕ್ಷಕಿ. “ಪೇಷಂಟು ನೋವಿಲ್ಲ ಅಂತಿದ್ದಾರೆ.”

“ಗೊತ್ತು ಮೇಡಂ. ಆದ್ರೂ ಇದೆ.”

ಗಂಟೆ ಹೊಡೆಯಿತು. ಹುಡುಗಿ ಹೋಗುವಾಗ ಎಡವಿ ಪರದೆಯ ಕಂಬಿಗೆ ಭುಜ ತಗಲಿಸಿಕೊಂಡಳು. ಪರೀಕ್ಷಕಿ ಎರಡು ಅಂಕ ಕಳೆದು, “ಪಾಪ, ಎರಡನೇ ಸಲವಂತೆ,” ಎಂದರು, ತಮಗೆ ತಾವೇ.

ಉಳಿದ ಮೂವರು ಯಾವಾಗ ಬಂದರು, ಏನು ಒತ್ತಿದರು ಎಂಬುದು ಅವಳಿಗೆ ನೆನಪಿಲ್ಲ.

ಆಮೇಲೆ ಅರ್ಧ ಗಂಟೆ ವಿರಾಮ. ಅಂಕಗಳನ್ನು ಕೂಡಿಸಿ ಸಹಿ ಹಾಕಲು ಮಧ್ಯಾಹ್ನದವರೆಗೆ ಸಮಯವಿತ್ತು. ಅವಳು ಕಾರಿಡಾರಿಗೆ ಬಂದು ಕಂಡಕ್ಟರ ಪಕ್ಕ ಕೂತಳು.

“ಆ ಹುಡುಗಿ ಅಳ್ತಾ ಮೆಟ್ಟಿಲ ಕಡೆ ಹೋದ್ಲು ಅಕ್ಕಾ,” ಎಂದರು ಕಂಡಕ್ಟರು. “ಮತ್ತೆ ಇಲ್ಲದ್ದು ಕಂಡ್ಲಾ?”

“ಇರೋದನ್ನೇ ಕಂಡ್ಲು ಅಣ್ಣಾ.”

ಕಂಡಕ್ಟರು ಅವಳ ಮೊಣಕೈ ನೋಡಿದರು. ಆರು ವರ್ಷ ಕೀಲುಗಳ ನಡುವೆ ಇದ್ದವರು. ಕೇಳಬೇಕಾದ್ದು ಒಂದೇ ಉಳಿದಿತ್ತು.

“ಎಷ್ಟು ವಾರ ಆಯ್ತು?”

“ಮೂರು.”

“ನಾನೂ ಒಂದ್ಸಲ ಮಾಡಿದ್ದೆ,” ಎಂದರು ಅವರು, ದನಿ ತಗ್ಗಿಸಿ. “ಪರೀಕ್ಷೆ ಹಿಂದಿನ ದಿನ ನಾಲ್ಕು ಮಹಡಿ ಹತ್ತಿ ಇಳಿದೆ. ಮಂಡಿ ಕುಂಬಳಕಾಯಿ ಆಯ್ತು. ಯಾರಿಗೂ ಗೊತ್ತಾಗಲಿಲ್ಲ. ಬಾಯಿಗೆ ಬೀಗ ಹಾಕ್ಕೊಂಡು ಮನೆಗೆ ಹೋಗಿ ಅಕ್ಕಾ. ಹೇಳಿದ್ರೆ ಅವಳು ಪಾಸಾಗ್ತಾಳೆ ಅಂತ ಏನು ಗ್ಯಾರಂಟಿ? ನೀವಂತೂ ನಾಳೆಯಿಂದ ನನ್ನ ಪಕ್ಕ ಈ ಬೆಂಚಲ್ಲಿ.”

ಅವರು ಹೇಳಿದ್ದು ಹೆದರಿಸಲಿಕ್ಕಲ್ಲ. ಆದರೂ ಅವಳು ಆ ಬೆಂಚನ್ನು ನೋಡಿದಳು. ಕೂತು ಕೂತು ಒಂದು ಕಡೆ ಬಣ್ಣ ಹೋಗಿತ್ತು. ಮಂಗಳವಾರಗಳಿಲ್ಲದ ವಾರ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಗಂಡ ಹೋದ ಮೇಲಿನ ಒಂದು ವರ್ಷ ಎಲ್ಲ ವಾರವೂ ಹಾಗೇ ಇತ್ತು. ಬೆಳಿಗ್ಗೆ ಏಳುವುದು, ಮಡಚದ ಬೆರಳನ್ನು ನೋಡುವುದು, ಸಂಜೆಯಾಗುವುದು.

ಎದ್ದು ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಬಾಗಿಲನ್ನು ಭುಜದಿಂದ ತಳ್ಳಿದಳು.

ಅವರು ಕೇಳಿಸಿಕೊಂಡರು. ಬೈಯಲಿಲ್ಲ. ಎದ್ದು ಬಂದು ಅವಳ ಮೊಣಕೈಯನ್ನು ಅಂಗೈಯಲ್ಲಿ ಇಟ್ಟುಕೊಂಡು ಹೆಬ್ಬೆರಳು ಇಳಿಸಿದರು. ಬಹಳ ಹೊತ್ತು ತೆಗೆಯಲಿಲ್ಲ.

“ಇದಕ್ಕೆ ನಾನು ಸೂಜಿಮದ್ದು ಕೊಡೋಕಿದ್ದೆ,” ಎಂದರು. “ಅದು ತಮಾಷೆ ಮದ್ದಲ್ಲ. ಗೊತ್ತಾ ನಿಮಗೆ?”

“ಗೊತ್ತು.”

“ಇದೇ ಮೊದಲಾ?”

ಇಲ್ಲಿಯವರೆಗೆ ಹೇಳಿದ್ದು ಸುಲಭವಾಗಿತ್ತು ಎಂದು ಅವಳಿಗೆ ಆಗ ತಿಳಿಯಿತು.

“ಅಲ್ಲ. ಹೋದ ವರ್ಷವೂ. ಅದರ ಹಿಂದಿನ ವರ್ಷವೂ.”

ದೊಡ್ಡ ಡಾಕ್ಟರು ಬೀರುವಿನಿಂದ ಹಳೆಯ ಫೈಲು ತೆಗೆದರು. ಹಾಳೆ ತಿರುಗಿಸಿದರು. “ಹೋದ ವರ್ಷ ಬಲ ಹೆಬ್ಬೆರಳಿನ ಬುಡ,” ಎಂದು ಓದಿದರು. “ಪೇಷಂಟ್ ನೋವಿಲ್ಲ ಎಂದರು, ಅಂತ ಬರೆದಿದೆ. ಇತ್ತಾ?”

ಆ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿಯಲಾಗದೆ ಅತ್ತೆ ಬೆರಳಲ್ಲೇ ಹಲ್ಲು ತಿಕ್ಕಿದ್ದು ಅವಳಿಗೆ ನೆನಪಾಯಿತು. ಅದನ್ನು ಅವಳು ಒಂದು ವರ್ಷ ನೆನೆದಿರಲಿಲ್ಲ.

“ಇತ್ತು.”

ಅವರು ಫೈಲು ಮುಚ್ಚಿದರು. “ಈ ವರ್ಷದ್ದನ್ನ ನಾನು ಸರಿಮಾಡಬಹುದು. ಹೊಸ ಉತ್ತರಪತ್ರ ಬರೆದು ಎಂಟು ಜನರದ್ದೂ ಮತ್ತೆ ತಿದ್ದಿಸ್ತೀನಿ. ಅವಳು ಪಾಸಾಗ್ತಾಳೆ. ಬೇರೆ ಯಾರೋ ಒಬ್ಬರು ಬೀಳಬಹುದು, ಬೀಳಲಿ. ಹೋದ ವರ್ಷವನ್ನ ಎಲ್ಲಿಂದ ತರಲಿ?” ಫೈಲನ್ನು ಬೀರುವಿಗೆ ಸೇರಿಸಿ, “ಮಂಗಳವಾರ ಬರಬೇಡಿ. ಸೋಮವಾರ ಓಪಿಡಿಗೆ ಬನ್ನಿ, ಚೀಟಿ ಮಾಡಿಸ್ಕೊಂಡು. ಮಾತ್ರೆ ಇವತ್ತೇ ಶುರು ಮಾಡಿ,” ಎಂದರು. ಟೀಚರ್ ಎನ್ನಲಿಲ್ಲ.

ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು, ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ, ಕೈಗಳನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು. ಟೀಚರ್ ಕಂಬಿಗೆ ತೋಳು ಕೊಟ್ಟು ಒಂದೊಂದೇ ಮೆಟ್ಟಿಲು ಹತ್ತಿ ಅವಳ ಪಕ್ಕ ಕೂತಳು.

“ನೀನು ಪಾಸಾಗಿದ್ದೀಯ. ಹೇಳಿ ಬಂದಿದ್ದೀನಿ. ಮೊಣಕೈ ಬಾತಿತ್ತು. ನಾನು ಸುಳ್ಳು ಹೇಳಿದೆ.”

ಹುಡುಗಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಟೀಚರ್ ಮಾತ್ರೆಯ ವಿಷಯ ಹೇಳಿದಳು. ಕಾಗದದ ವಿಷಯ ಹೇಳಿದಳು. ಹುಡುಗಿಯ ಮುಖದಲ್ಲಿ ಬೆಳಕು ಬಂತು. ಬಂದದ್ದು ಅರ್ಧಕ್ಕೇ ನಿಂತಿತು.

“ಹೋದ ವರ್ಷ?” ಎಂದಳು.

“ಅದೂ ಇತ್ತು. ಹೆಬ್ಬೆರಳು.”

ಕೆಳಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಗಾಲಿಯೊಂದು ಕೀರಲು ದನಿ ತೆಗೆಯುತ್ತಿತ್ತು.

“ಒಂದು ವರ್ಷ ಮಂಗಳವಾರ ಮಂಗಳವಾರ ನಿಮ್ಮ ಕೈ ಹಿಡ್ಕೊಂಡು ಕೂತಿದ್ನಲ್ಲ ಟೀಚರ್. ಒಂದು ದಿನಾನೂ ಹೇಳ್ಬೇಕು ಅನ್ನಿಸ್ಲಿಲ್ವಾ?”

“ನನಗೇ ಗೊತ್ತಿರಲಿಲ್ಲ ಅಂದ್ಕೊಂಡಿದ್ದೆ.”

“ಅದೇನು ಮಾತು?”

ಟೀಚರ್ ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು.

ಹುಡುಗಿ ತನ್ನ ಎರಡು ಹೆಬ್ಬೆರಳುಗಳನ್ನು ಮುಖದ ಮುಂದೆ ಹಿಡಿದು ನೋಡಿದಳು, ಯಾರದೋ ವಸ್ತುವನ್ನು ನೋಡುವ ಹಾಗೆ. “ಇವುಗಳನ್ನ ನಾನು ನಂಬೋದೇ ಬಿಟ್ಟಿದ್ದೆ. ವಾರ್ಡಲ್ಲಿ ಬಾವು ಸಿಕ್ಕಿದ್ರೂ, ಇದು ನನ್ನ ಭ್ರಮೆ ಅಂತ ಬೇರೆಯವರನ್ನ ಕರೆದು ಕೇಳ್ತಿದ್ದೆ. ಯಾರೂ ಇಲ್ಲದಾಗ…” ಥಟ್ಟನೆ ನಿಲ್ಲಿಸಿದಳು.

“ಯಾರೂ ಇಲ್ಲದಾಗ?”

“ಎರಡು ತಿಂಗಳ ಹಿಂದೆ ಒಬ್ಬ ಹೆಂಗಸು ಬಂದಿದ್ರು. ಇಸ್ತ್ರಿ ಅಂಗಡಿಯೋರು. ಕೈ ಹಿಡಿಯೋಕೆ ಆಗ್ತಿಲ್ಲ ಅಂತ. ನಾಲ್ಕು ಗೆಣ್ಣು, ಮೆತ್ತಗಿತ್ತು, ನನ್ನ ಬೆರಳಿಗೆ ಸಿಕ್ತು. ಜೊತೆಗೆ ಯಾರೂ ಇರಲಿಲ್ಲ. ಬಾವಿಲ್ಲ ಅಂತ ಬರೆದೆ. ನೋವಿನ ಮುಲಾಮು ಕೊಟ್ಟು, ಕೆಲಸ ಸ್ವಲ್ಪ ಕಮ್ಮಿ ಮಾಡಿ ಅಂತ ಕಳಿಸಿದೆ. ಅವ್ರು ‘ಏನೂ ಇಲ್ಲ ಅಲ್ವಾ ಡಾಕ್ಟ್ರೇ’ ಅಂತ ಕೈ ಮುಗಿದು ಹೋದ್ರು.”

ಟೀಚರ್ ತನ್ನ ಬೆರಳುಗಳನ್ನು ನೋಡಿದಳು. ಮೊದಲ ವರ್ಷ ಮದ್ದಿಲ್ಲದೆ ಹೋದರೆ ಕೀಲಿಗೆ ಏನಾಗುತ್ತದೆಂಬುದನ್ನು ಅವಳು ಪ್ರತಿ ಹೊಸ ತಂಡಕ್ಕೂ ತನ್ನ ಕೈ ಎತ್ತಿ ತೋರಿಸುತ್ತಿದ್ದಳು.

ಹುಡುಗಿ ಎದ್ದಳು. ಕೋಟಿನ ಹಿಂಭಾಗ ಕೊಡವಿಕೊಂಡಳು.

“ರೆಕಾರ್ಡ್ ರೂಮಿಗೆ ಹೋಗ್ತೀನಿ. ಅವರ ಕಾರ್ಡಲ್ಲಿ ಫೋನ್ ನಂಬರ್ ಇರತ್ತೆ. ಇದ್ರೆ.”

“ನಾನೂ ಬರ್ಲಾ?”

“ಬಂದು ಏನ್ಮಾಡ್ತೀರಿ?” ಎಂದಳು ಹುಡುಗಿ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದಳು. ಉತ್ತರಕ್ಕೆ ಒಂದು ಕ್ಷಣ ಕಾದಳು ಕೂಡ. ಆಮೇಲೆ ಎರಡೆರಡು ಮೆಟ್ಟಿಲು ಹಾರಿ ಇಳಿದು ಹೋದಳು.

ಟೀಚರ್ ಏಳಲು ನೋಡಿದಳು. ಮೆಟ್ಟಿಲು ತೀರ ತಗ್ಗಾಗಿತ್ತು. ಎಡಗೈ ಊರಲು ಮೊಣಕೈ ಬಿಡಲಿಲ್ಲ, ಬಲಗೈ ಊರಲು ಮಣಿಕಟ್ಟು ಬಿಡಲಿಲ್ಲ. ಮೇಲಿನಿಂದ ಇಬ್ಬರು ನರ್ಸುಗಳು ಮಾತಾಡುತ್ತಾ ಇಳಿದು ಬಂದರು. ಅವರಿಗೆ ದಾರಿ ಬಿಟ್ಟುಕೊಡಲು ಅವಳು ಗೋಡೆಗೆ ಸರಿದಳು. ಅವರು ಇವಳು ಸುಸ್ತಿಗೆ ಕೂತಿದ್ದಾಳೆಂದುಕೊಂಡು ದಾಟಿ ಹೋದರು.

ಮುಂದೆ ಬಂದವರು ಯಾರಾದರೂ ಸರಿ, ಕೇಳಬೇಕೆಂದುಕೊಂಡಳು. ಸ್ವಲ್ಪ ಎಬ್ಬಿಸ್ತೀರಾ ಅಂತ. ಎಲ್ಲಿ ಹಿಡೀಬೇಕು ಅಂತ ಅವರು ಕೇಳುತ್ತಾರೆ. ಎಲ್ಲಿ ನೋವಿದೆ ಅಂತಲೂ ಕೇಳಬಹುದು.